ಲಾಭ ಪುಸ್ತಕದಲ್ಲಿ, ಬಳೆ ಬ್ಯಾಂಕಿನಲ್ಲಿ

2024ರ ಮಾರ್ಚ್ ಮೊದಲ ವಾರ. ತುಮಕೂರಿನ ಒಂದು ಬ್ಯಾಂಕಿನಲ್ಲಿ ಚಿನ್ನದ ಸಾಲದ ಕೌಂಟರ್ ಮುಂದೆ ನಿಂತಿದ್ದೆ. ಅತ್ತಿಗೆಯ ಎರಡು ಬಳೆ ಕರ್ಚೀಫಿನಲ್ಲಿ ಸುತ್ತಿ ಜೇಬಿನಲ್ಲಿದ್ದವು. ಅಷ್ಟರಲ್ಲಿ ನಮ್ಮ ಆಡಿಟರ್ ಫೋನ್ ಬಂತು.

"ಸಾರ್, ಫೆಬ್ರವರಿ ಕೊನೆವರೆಗಿನ ಲೆಕ್ಕ ನೋಡಿದೆ. ಮೊದಲ ವರ್ಷಕ್ಕೆ ಪರವಾಗಿಲ್ಲ, 3.4 ಲಕ್ಷ ಲಾಭ ಇದೆ. ಸ್ವೀಟ್ ಯಾವಾಗ?"

ಮಾರನೇ ದಿನ ನಮ್ಮ ಚಟ್ನಿಪುಡಿ ಘಟಕದಲ್ಲಿ ಹುರಿಯುವ, ಪ್ಯಾಕ್ ಮಾಡುವ ಹೆಂಗಸರಿಗೆ ಸಂಬಳ ಕೊಡಬೇಕಿತ್ತು. ಕಡಲೆಬೀಜದ ಮಂಡಿಗೆ ದುಡ್ಡು ಕಟ್ಟಬೇಕಿತ್ತು. ನನ್ನ ಖಾತೆಯಲ್ಲಿ ಎರಡು ಸಾವಿರವೂ ಇರಲಿಲ್ಲ. ಆಡಿಟರ್ ಸುಳ್ಳು ಹೇಳುತ್ತಿರಲಿಲ್ಲ, ಬ್ಯಾಂಕಿನ ಪಾಸ್‌ಬುಕ್ಕೂ ಸುಳ್ಳು ಹೇಳುತ್ತಿರಲಿಲ್ಲ. ಲಾಭ ನಿಜ. ಹಾಗಾದರೆ ದುಡ್ಡೆಲ್ಲಿ?

ಸ್ವಂತ ಉದ್ಯೋಗ ಶುರು ಮಾಡಬೇಕು ಅಂತ ನನ್ನ ಹತ್ತಿರ ಮಾತಾಡಲು ಬರುವವರು ಲೈಸೆನ್ಸ್ ಬಗ್ಗೆ ಕೇಳುತ್ತಾರೆ, ಸಬ್ಸಿಡಿ ಬಗ್ಗೆ ಕೇಳುತ್ತಾರೆ, ಯಾವ ಮೆಷಿನ್ ಒಳ್ಳೆಯದು ಅಂತ ಕೇಳುತ್ತಾರೆ. ಈ ಪ್ರಶ್ನೆಯನ್ನು ಮಾತ್ರ ಇಲ್ಲಿವರೆಗೆ ಒಬ್ಬರೂ ಕೇಳಿಲ್ಲ. ನಾನೂ ಕೇಳಿರಲಿಲ್ಲ, ಬಿಡಿ.

ಒಂದು ಪ್ಯಾಕೆಟ್ಟಿನ ಲೆಕ್ಕ

ಪೀಣ್ಯದ ಕಂಪನಿಯೊಂದರಲ್ಲಿ ಹದಿನಾಲ್ಕು ವರ್ಷ ದುಡಿದು, ಕೆಲಸ ಬಿಟ್ಟು, 2023ರ ಏಪ್ರಿಲ್‌ನಲ್ಲಿ ಅತ್ತಿಗೆಯ ಜೊತೆ ಚಟ್ನಿಪುಡಿ ಶುರು ಮಾಡಿದೆ. ಕಡಲೆಬೀಜದ ಚಟ್ನಿಪುಡಿ. ಹುಬ್ಬಳ್ಳಿ ಕಡೆಯವರು ಶೇಂಗಾ ಚಟ್ನಿ ಅನ್ನುತ್ತಾರಲ್ಲ, ಅದೇ. ಆದರೆ ಅತ್ತಿಗೆ ಮಾಡುವುದರಲ್ಲಿ ಬೆಳ್ಳುಳ್ಳಿ ಕಮ್ಮಿ, ಕರಿಬೇವು ಜಾಸ್ತಿ. ರೋಸ್ಟರ್, ಪುಡಿ ಮಾಡುವ ಪಲ್ವರೈಸರ್, ಸೀಲಿಂಗ್ ಮೆಷಿನ್, ಶೆಡ್ಡಿನ ಅಡ್ವಾನ್ಸ್, ಎಲ್ಲದಕ್ಕೂ ನನ್ನ ಪಿಎಫ್ ದುಡ್ಡು ಹೋಯಿತು. ಕೈಖರ್ಚಿಗೆ ಅಂತ 2 ಲಕ್ಷ ಉಳಿಸಿಕೊಂಡಿದ್ದೆ. ಅಷ್ಟು ಸಾಕು ಅನ್ನೋದು ನನ್ನ ಅಂದಾಜು.

ಲೆಕ್ಕ ನೋಡೋಣ. ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ, ಹೂರಣ ಮಾತ್ರ ನಮ್ಮದೇ.

200 ಗ್ರಾಂ ಪ್ಯಾಕೆಟ್, ಎಂಆರ್‌ಪಿ 100 ರೂಪಾಯಿ. ಅಂಗಡಿಯವರಿಗೆ 20 ರೂಪಾಯಿ ಮಾರ್ಜಿನ್ ಬಿಟ್ಟು 80ಕ್ಕೆ ಬಿಲ್. ಅದರಲ್ಲಿ ಸುಮಾರು 4 ರೂಪಾಯಿ ಜಿಎಸ್‌ಟಿ. ಕಡಲೆಬೀಜ, ಮೆಣಸಿನಕಾಯಿ, ಉಳಿದ ಸಾಮಾನು 34. ಕವರ್, ಲೇಬಲ್, ರಟ್ಟಿನ ಡಬ್ಬ 6. ಕೂಲಿ, ಗ್ಯಾಸ್, ಕರೆಂಟು 12. ಅಂಗಡಿಗೆ ತಲುಪಿಸಲು 4. ಒಟ್ಟು ಖರ್ಚು 56. ಉಳಿಯುವುದು 20. (ನಾವು ಸಾಮಾನು ಕೊಂಡಾಗ ಕಟ್ಟಿದ ಜಿಎಸ್‌ಟಿ ಇದರಲ್ಲಿ ವಜಾ ಆಗುತ್ತದೆ. ಲೆಕ್ಕ ಗೋಜಲಾಗದಿರಲಿ ಅಂತ ಅದನ್ನು ಬಿಟ್ಟಿದ್ದೇನೆ.)

ತಿಂಗಳಿಗೆ 2,000 ಪ್ಯಾಕೆಟ್ ಹೋದರೆ 40,000. ಶೆಡ್ಡಿನ ಬಾಡಿಗೆ, ಫೋನು, ಆಡಿಟರ್ ಫೀಸು, ಎಲ್ಲ ಸೇರಿ 18,000 ಕಳೆದರೆ 22,000 ಲಾಭ. ಇದರಲ್ಲಿ ನನ್ನ ಸಂಬಳವೂ ಇಲ್ಲ, ಅತ್ತಿಗೆಯ ಸಂಬಳವೂ ಇಲ್ಲ. ಆದರೂ ಕಾಗದದ ಮೇಲೆ ಚೆನ್ನಾಗಿದೆ, ಅಲ್ವಾ?

ಈಗ ಅದೇ ವ್ಯಾಪಾರವನ್ನು ಗಲ್ಲಾ ಪೆಟ್ಟಿಗೆಯ ಕಡೆಯಿಂದ ನೋಡಿ.

ಮಂಡಿಯಲ್ಲಿ ಹೊಸಬರಿಗೆ ಉದ್ರಿ ಇಲ್ಲ. ಚಳ್ಳಕೆರೆ ಕಡೆಯಿಂದ ಬರುವ ಕಡಲೆಬೀಜಕ್ಕೆ ಮೂಟೆ ಇಳಿಸುವ ಮೊದಲೇ ದುಡ್ಡು. ಕೂಲಿ ವಾರಕ್ಕೊಮ್ಮೆ ಅಥವಾ ತಿಂಗಳಿಗೊಮ್ಮೆ, ತಪ್ಪುವ ಹಾಗಿಲ್ಲ. ಕವರ್ ಪ್ರಿಂಟ್ ಮಾಡುವವರಿಗೆ ಅರ್ಧ ಮುಂಗಡ. ಆದರೆ ನಮ್ಮ ಪುಡಿ ತಗೊಳ್ಳುವ ಅಂಗಡಿಯವರು ಮಾತ್ರ 45 ದಿನ ಬಿಟ್ಟು ದುಡ್ಡು ಕೊಡುತ್ತಾರೆ. "ಇಂದು ನಗದು, ನಾಳೆ ಉದ್ರಿ" ಅಂತ ಬೋರ್ಡ್ ಹಾಕಿಕೊಂಡ ದಿನಸಿ ಅಂಗಡಿಯವರೂ ಅಷ್ಟೇ. ಆ ಬೋರ್ಡ್ ಗಿರಾಕಿಗಳಿಗೆ, ನಮಗಲ್ಲ.

ಮೊದಲ ತಿಂಗಳು ಕೈಯಿಂದ ಹೋಗಿದ್ದು 1,30,000. ಬಂದಿದ್ದು ಸೊನ್ನೆ.

ಎರಡನೇ ತಿಂಗಳು ಮತ್ತೆ 1,30,000. ಜೊತೆಗೆ ಮೊದಲ ತಿಂಗಳ ಜಿಎಸ್‌ಟಿ 8,000. ಇಲ್ಲೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ನಮ್ಮಂಥವರು ಜಿಎಸ್‌ಟಿ ಕಟ್ಟಬೇಕಾಗಿರುವುದು ಬಿಲ್ ಮಾಡಿದ ಲೆಕ್ಕದಲ್ಲಿ, ದುಡ್ಡು ಕೈಗೆ ಬಂದ ಲೆಕ್ಕದಲ್ಲಿ ಅಲ್ಲ. ಅಂಗಡಿಯವರು ಇನ್ನೂ ಒಂದು ಪೈಸೆ ಕೊಟ್ಟಿರುವುದಿಲ್ಲ, ಅವರ ಪರವಾಗಿ ನಾವು ಸರ್ಕಾರಕ್ಕೆ ಕಟ್ಟಿರುತ್ತೇವೆ. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರಿಗೆ ಮುಂದಿನ ತಿಂಗಳ 20ನೇ ತಾರೀಖು ಕೊನೆ. ತಡವಾದರೆ ವರ್ಷಕ್ಕೆ ಶೇ. 18 ಬಡ್ಡಿ. ಆ ಎರಡನೇ ತಿಂಗಳ ಕೊನೆಯ ಹದಿನೈದು ದಿನದಲ್ಲಿ ಅಂಗಡಿಗಳಿಂದ 80,000 ಬಂತು. ಅಲ್ಲಿಗೆ ನನ್ನ ಕುಳಿ, ಅಂದರೆ ಕೈಯಿಂದ ಹೋಗಿ ಇನ್ನೂ ವಾಪಸ್ಸು ಬಾರದ ದುಡ್ಡು, 1,88,000 ಆಳ. ಉಳಿಸಿಕೊಂಡಿದ್ದು 2 ಲಕ್ಷ. ಹನ್ನೆರಡು ಸಾವಿರದ ಅಂತರದಲ್ಲಿ ಬಚಾವಾದೆ. ನನಗೆ ಅದು ಆಗ ಗೊತ್ತೇ ಇರಲಿಲ್ಲ.

ಮೂರನೇ ತಿಂಗಳಿಂದ ವಸೂಲಿ ಸರಿಯಾಗಿ ಬರತೊಡಗಿತು. ತಿಂಗಳಿಗೆ 22,000ದಂತೆ ಕುಳಿ ತುಂಬುತ್ತಾ ಬಂತು. ಈ ಲೆಕ್ಕದಲ್ಲಿ ಹೋದರೆ ಹನ್ನೊಂದನೇ ತಿಂಗಳಲ್ಲಿ ನಾನು ಹಾಕಿದ ದುಡ್ಡು ಪೂರ್ತಿ ನನ್ನ ಕೈಗೆ ವಾಪಸ್ಸು. ನೋಡಿ, ಮೊದಲ ತಿಂಗಳಿಂದಲೇ ಲಾಭದಲ್ಲಿರುವ ವ್ಯಾಪಾರ ಇದು. ಇದಕ್ಕೇ ಹಾಕಿದ ದುಡ್ಡು ವಾಪಸ್ಸು ಬರಲು ಹನ್ನೊಂದು ತಿಂಗಳು ಬೇಕು.

ಅದರ ನಡುವೆ ಇನ್ನೊಂದು ಪೆಟ್ಟು. ಆಹಾರ ಪದಾರ್ಥದ ಪ್ಯಾಕೆಟ್ ಮೇಲೆ ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ ಎಫ್ಎಸ್ಎಸ್ಎಐ ನಂಬರ್ ಹಾಕಬೇಕು. ಅದು 14 ಅಂಕಿ. ನಾನು ಡಿಸೈನ್ ಮಾಡುವ ಹುಡುಗನಿಗೆ ವಾಟ್ಸಾಪಿನಲ್ಲಿ ಟೈಪ್ ಮಾಡಿ ಕಳಿಸಿದ್ದು 13. ಒಂದು ಸೊನ್ನೆ ತಪ್ಪಿತ್ತು. 5,000 ಕವರ್ ಪ್ರಿಂಟ್ ಆಗಿ ಬಂದ ಮೇಲೆ ಅತ್ತಿಗೆ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಎಣಿಸಿದರು. "ಇದೇನು ಮೈದ್ನೋರೇ, ಒಂದು ಕಮ್ಮಿ ಐತಲ್ಲ?" 20,000 ರೂಪಾಯಿ ಅಲ್ಲಿಗೆ ನೀರುಪಾಲು. ಆ ಕವರುಗಳಲ್ಲಿ ಇವತ್ತಿಗೂ ನಮ್ಮ ಮನೆಯ ಅಡುಗೆಮನೆಯ ಬೇಳೆ, ಸಾಸಿವೆ ಇವೆ.

ವ್ಯಾಪಾರ ಡಬಲ್ ಆದಾಗ

ಡಿಸೆಂಬರಿನಲ್ಲಿ ಬೆಂಗಳೂರಿನ ಒಂದು ಸೂಪರ್ ಮಾರ್ಕೆಟ್ ಚೈನಿನಿಂದ ಆರ್ಡರ್ ಬಂತು. ತಿಂಗಳಿಗೆ 2,000 ಪ್ಯಾಕೆಟ್, ಅದೇ ರೇಟು. ಅಂದರೆ ನಮ್ಮ ವ್ಯಾಪಾರ ಒಂದೇ ಏಟಿಗೆ ಎರಡರಷ್ಟು. ಬಾಡಿಗೆ ಅಷ್ಟೇ, ಮೆಷಿನ್ ಅವೇ. ಹಾಗಾಗಿ ತಿಂಗಳ ಲಾಭ 22,000ದಿಂದ 62,000ಕ್ಕೆ ಹಾರಿತು. ಅವತ್ತು ಮನೆಯಲ್ಲಿ ಹೋಳಿಗೆ ಮಾಡಿದ್ದರು.

ನಾನು ಮಾಡದೇ ಇದ್ದ ಲೆಕ್ಕ ಇದು. ಆ 2,000 ಪ್ಯಾಕೆಟ್ ತಯಾರಿಸಲು ಪ್ರತಿ ತಿಂಗಳೂ 1,12,000 ಹೆಚ್ಚಿಗೆ ಬೇಕು. ಅದು ಇವತ್ತೇ ಬೇಕು. ಅವರು ಕೊಡುವುದು ಯಾವಾಗ? ಒಪ್ಪಂದದಲ್ಲಿ 60 ದಿನ ಅಂತಿತ್ತು. 60 ಆಯಿತು, 75 ಆಯಿತು. ಅಕೌಂಟ್ಸ್ ವಿಭಾಗಕ್ಕೆ ಫೋನ್ ಮಾಡಿದರೆ ಒಬ್ಬ ಹುಡುಗ ಬಹಳ ಮರ್ಯಾದೆಯಿಂದ, "ಸಾರ್, ಸಿಸ್ಟಮ್‌ನಲ್ಲಿ ಅಪ್ರೂವಲ್ ಪೆಂಡಿಂಗ್ ಇದೆ, ಮುಂದಿನ ವಾರ ಟ್ರೈ ಮಾಡಿ" ಅನ್ನುತ್ತಿದ್ದ. ಪ್ರತಿ ವಾರವೂ ಅದೇ ಹುಡುಗ, ಅದೇ ಮರ್ಯಾದೆ.

ಫೆಬ್ರವರಿ ಕೊನೆಗೆ ಚಿತ್ರ ಹೀಗಿತ್ತು. ಸೂಪರ್ ಮಾರ್ಕೆಟ್ಟಿನಿಂದ ಬರಬೇಕಾದ್ದು 4.8 ಲಕ್ಷ. ಉಳಿದ ಅಂಗಡಿಗಳಿಂದ 2.4 ಲಕ್ಷ. ಒಟ್ಟು 7.2 ಲಕ್ಷ ಹೊರಗಿದೆ. ಅದರಲ್ಲಿ ನಾನು ಕಟ್ಟಬೇಕಾದ ಜಿಎಸ್‌ಟಿ 16,000. ನನ್ನ ಕೈಯಿಂದ ಹೋಗಿರುವುದು 3.62 ಲಕ್ಷ. ನನ್ನ 2 ಲಕ್ಷ ಮುಗಿದು, ಅಣ್ಣನ ಉಳಿತಾಯವೂ ಅದರಲ್ಲಿ ಸೇರಿತ್ತು. ಈಗ ಕಳೆಯಿರಿ: 7.2ರಲ್ಲಿ 3.62 ಹೋಯಿತು, 0.16 ಹೋಯಿತು. ಉಳಿಯುವುದು 3.42. ಆಡಿಟರ್ ಫೋನಿನಲ್ಲಿ ಹೇಳಿದ ಲಾಭ ಇದೇ! ಲಾಭ ಎಲ್ಲೂ ಹೋಗಿರಲಿಲ್ಲ. ಬೆಂಗಳೂರಿನ ಯಾವುದೋ ಗೋಡೌನಿನಲ್ಲಿ, ತುಮಕೂರು, ತಿಪಟೂರು, ಗುಬ್ಬಿಯ ಅಂಗಡಿಗಳ ಕಪಾಟಿನಲ್ಲಿ ಕೂತಿತ್ತು. ನನ್ನ ಜೇಬೊಂದನ್ನು ಬಿಟ್ಟು ಎಲ್ಲ ಕಡೆ ಇತ್ತು.

ವ್ಯಾಪಾರ ಇಲ್ಲದೆ ಅಂಗಡಿ ಮುಚ್ಚುವುದು ಎಲ್ಲರಿಗೂ ಅರ್ಥವಾಗುತ್ತದೆ. ವ್ಯಾಪಾರ ಜೋರಾಗಿಯೇ ಮುಚ್ಚುವುದು ಹೇಗೆ ಅಂತ ಆ ಮೂರು ತಿಂಗಳಲ್ಲಿ ನನಗೆ ಅರ್ಥವಾಯಿತು. ಬೆಳೆಯುವ ವ್ಯಾಪಾರ ಬೆಳೆಯುವ ಹುಡುಗನ ಹಾಗೆ. ತಟ್ಟೆ ಖಾಲಿ ಮಾಡಿ ಇನ್ನೂ ಹಾಕಿ ಅನ್ನುತ್ತದೆ.

ಅದೇ ಸಮಯಕ್ಕೆ ಮೆಣಸಿನಕಾಯಿ ಸೀಸನ್. ಬ್ಯಾಡಗಿ ಮಾರುಕಟ್ಟೆಗೆ ಫೆಬ್ರವರಿ, ಮಾರ್ಚ್‌ನಲ್ಲಿ ಮಾಲು ಹೊಳೆಯಂತೆ ಬರುತ್ತದೆ. ಆ ವರ್ಷ ಬೆಲೆ ಎಷ್ಟು ಬಿತ್ತು ಅಂದರೆ, ಮಾರ್ಚ್ 11ರಂದು ರೈತರು ರೊಚ್ಚಿಗೆದ್ದು ಎಪಿಎಂಸಿ ಕಚೇರಿಗೆ ನುಗ್ಗಿ, ವಾಹನಗಳಿಗೆ ಬೆಂಕಿ ಹಚ್ಚಿದ್ದು ನಿಮಗೆ ನೆನಪಿರಬಹುದು. ಬೆಳೆದವರ ಹೊಟ್ಟೆ ಉರಿಯುತ್ತಿದ್ದ ಆ ಹೊತ್ತು ನಮ್ಮಂಥ ಕೊಳ್ಳುವವರಿಗೆ ವರ್ಷದ ಮಾಲು ತುಂಬಿಸಿಕೊಳ್ಳುವ ಹೊತ್ತು. ಕಾಸಿದ್ದವರು ಕೊಂಡು ಕೋಲ್ಡ್ ಸ್ಟೋರೇಜಿಗೆ ಹಾಕಿದರು. ನಾನು ಟಿವಿಯಲ್ಲಿ ನೋಡಿದೆ.

ಟೋಕನ್ ಮೊದಲು, ದೋಸೆ ಆಮೇಲೆ

ಎಲ್ಲ ವ್ಯಾಪಾರವೂ ಹೀಗೇ ಅಂದುಕೊಳ್ಳಬೇಡಿ. ಬೆಂಗಳೂರಿನ ದರ್ಶಿನಿ ಹೋಟೆಲುಗಳನ್ನು ನೋಡಿ. 1983ರಲ್ಲಿ ಜಯನಗರದಲ್ಲಿ ಶುರುವಾದ ಪದ್ಧತಿ ಅದು. ನಿಂತುಕೊಂಡು ತಿನ್ನುವುದು, ಸರ್ವರ್ ಇಲ್ಲ, ಜಾಗ ಕಮ್ಮಿ ಸಾಕು ಅಂತೆಲ್ಲ ಹೊಗಳುತ್ತಾರೆ. ನನ್ನ ಕಣ್ಣಿಗೆ ಅದರ ನಿಜವಾದ ಜಾಣತನ ಗಲ್ಲಾದ ಹತ್ತಿರ ಇದೆ. ಗಿರಾಕಿ ಮೊದಲು ದುಡ್ಡು ಕೊಟ್ಟು ಟೋಕನ್ ತಗೊಳ್ಳುತ್ತಾನೆ, ದೋಸೆ ಆಮೇಲೆ. ಅಕ್ಕಿ, ಬೇಳೆ ಹಾಕುವವರಿಗೆ ದುಡ್ಡು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ. ಅಂದರೆ ದೋಸೆ ಮಾರಿ ಬಂದ ದುಡ್ಡಿನಲ್ಲೇ ಆ ದೋಸೆಯ ಅಕ್ಕಿಯ ಸಾಲ ತೀರುತ್ತದೆ. ನಮ್ಮ ಚಟ್ನಿಪುಡಿಯಲ್ಲಿ ಇದು ಪೂರ್ತಿ ತಲೆಕೆಳಗು.

ಹಾಗಂತ ಹೋಟೆಲ್ ಸುಲಭ ಅಂತಲ್ಲ. ಅಲ್ಲಿ ಕಟ್ಟಡದ ಅಡ್ವಾನ್ಸ್‌ಗೇ ಜೀವ ಹೋಗುತ್ತದೆ. ಇನ್ನೊಂದು ಅಪಾಯವೂ ಇದೆ: ಸಂಜೆ ಗಲ್ಲಾ ತುಂಬಿರುವುದು ನೋಡಿ ಅದೆಲ್ಲ ತನ್ನದೇ ಅನ್ನಿಸಿಬಿಡುತ್ತದೆ. ಅದರಲ್ಲಿ ಅಕ್ಕಿಯವನ ಪಾಲು, ಹಾಲಿನವನ ಪಾಲು, ಸರ್ಕಾರದ ಪಾಲು ಎಲ್ಲ ಕಲಸಿಕೊಂಡಿರುತ್ತವೆ. ಮೂರನೇ ತಿಂಗಳಿಗೇ ಕಾರ್ ಬುಕ್ ಮಾಡಿ, ಹತ್ತನೇ ತಿಂಗಳಿಗೆ ಹೋಟೆಲ್ ಮಾರಿದವರನ್ನು ನಾನು ಬಲ್ಲೆ.

ಆದ್ದರಿಂದ ಏನು ಮಾರಬೇಕು ಅನ್ನುವ ಮೊದಲು ಇದನ್ನು ಕೇಳಿಕೊಳ್ಳಿ: ನನಗೆ ದುಡ್ಡು ಮೊದಲು ಬರುತ್ತದೋ, ನಾನು ಮೊದಲು ಕೊಡಬೇಕೋ? ನಡುವೆ ಎಷ್ಟು ದಿನ? ಆ ದಿನಗಳಿಗೆ ಬೇಕಾದ ದುಡ್ಡೇ ನಿಮ್ಮ ಅಸಲಿ ಬಂಡವಾಳ. ಮೆಷಿನ್, ಶೆಡ್ಡು ಎಲ್ಲ ಕಣ್ಣಿಗೆ ಕಾಣುವ ಖರ್ಚು. ಇದು ಕಾಣುವುದಿಲ್ಲ.

ಸಾಲ, ಸಬ್ಸಿಡಿ, ಕಾನೂನು

ಸಬ್ಸಿಡಿ ಬಗ್ಗೆ ಒಂದು ಮಾತು. ಸಣ್ಣ ಆಹಾರ ಉದ್ಯಮಗಳಿಗೆ ಆಗ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ. 35, ಅದರ ಮೇಲೆ ನಮ್ಮ ರಾಜ್ಯದಿಂದ ಇನ್ನೂ ಶೇ. 15 ಸಹಾಯಧನ ಇತ್ತು. ಒಳ್ಳೆಯ ಯೋಜನೆಯೇ. ಆದರೆ ಆ ದುಡ್ಡು ನಿಮ್ಮ ಕೈಗೆ ಬರುವುದಿಲ್ಲ. ಮೊದಲು ಬ್ಯಾಂಕ್ ಸಾಲ ಕೊಡಬೇಕು. ಆಮೇಲೆ ಸಬ್ಸಿಡಿ ಬ್ಯಾಂಕಿನಲ್ಲೇ ಇರುತ್ತದೆ. ಮೂರು ವರ್ಷ ಕಂತು ಸರಿಯಾಗಿ ಕಟ್ಟಿದರೆ ಸಾಲಕ್ಕೆ ಜಮಾ ಆಗುತ್ತದೆ. ಸಾಲ ಹಗುರಾಗುತ್ತದೆ, ನಿಜ. ಈ ಶನಿವಾರದ ಕೂಲಿಗೆ ಅದು ಬರುವುದಿಲ್ಲ. ಸಬ್ಸಿಡಿ ನಂಬಿ ಮದುವೆ ಚೌಲ್ಟ್ರಿಯ ಅಡುಗೆಮನೆಯಷ್ಟು ದೊಡ್ಡ ಮೆಷಿನ್ ತಂದು, ಕಡಲೆಬೀಜಕ್ಕೆ ಕಾಸಿಲ್ಲದೆ ಕೂತವರು ಉಂಟು.

ಅಡಮಾನ ಇಲ್ಲದ ಮುದ್ರಾ ಸಾಲ 2015ರಿಂದ ಇದೆ. 50,000ದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ್, 10 ಲಕ್ಷದವರೆಗೆ ತರುಣ್. ನಮ್ಮ ಕುಳಿಗೆ ಬೇಕಾಗಿದ್ದು ಕಂತಿನ ಸಾಲ ಅಲ್ಲ, ಸಿಸಿ (ಕ್ಯಾಶ್ ಕ್ರೆಡಿಟ್) ಖಾತೆ. ಬೇಕಾದಾಗ ತೆಗೆದು, ಬಂದಾಗ ತುಂಬಿ, ಬಳಸಿದಷ್ಟಕ್ಕೆ ಬಡ್ಡಿ ಕಟ್ಟುವ ಖಾತೆ. ಸಣ್ಣ ಘಟಕಗಳಿಗೆ ವರ್ಷದ ಅಂದಾಜು ವ್ಯಾಪಾರದ ಶೇ. 20ರಷ್ಟು ದುಡಿಯುವ ಬಂಡವಾಳ ಕೊಡಬೇಕು ಅನ್ನುವುದು ಬ್ಯಾಂಕುಗಳಿಗೆ ಇರುವ ಹಳೆಯ ಅಳತೆ. ನಮ್ಮ ಮೊದಲ ಅಂದಾಜು, ತಿಂಗಳಿಗೆ 2,000 ಪ್ಯಾಕೆಟ್, ಅಂದರೆ ವರ್ಷಕ್ಕೆ 19.2 ಲಕ್ಷದ ವ್ಯಾಪಾರ. ಅದರ ಶೇ. 20 ಅಂದರೆ 3.84 ಲಕ್ಷ. ನಾನು ಉಳಿಸಿಕೊಂಡಿದ್ದು 2. ಈ ಅಳತೆ ಮೊದಲೇ ಗೊತ್ತಿದ್ದರೆ ರೋಸ್ಟರ್ ಬದಲು ದೊಡ್ಡ ಬಾಣಲೆಯಲ್ಲೇ ಶುರು ಮಾಡುತ್ತಿದ್ದೆ. ಸಿಸಿ ಕೇಳಲು ಹೋದಾಗ ಮ್ಯಾನೇಜರ್, "ಒಂದು ವರ್ಷದ ಲೆಕ್ಕ ತಗೊಂಡು ಬನ್ನಿ" ಅಂದರು. ಕುಳಿ ತುಂಬ ಆಳ ಇರುವುದು ಎರಡನೇ ತಿಂಗಳಿನಲ್ಲಿ. ಲೆಕ್ಕ ಸಿಗುವುದು ಹನ್ನೆರಡು ತಿಂಗಳ ಮೇಲೆ.

ಕಾನೂನು ನಮ್ಮ ಪರವಾಗಿಯೇ ಇದೆ, ಆಶ್ಚರ್ಯ ಅನ್ನಿಸಬಹುದು. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಉದ್ಯಮ್ ನೋಂದಣಿ (ಸರ್ಕಾರದಲ್ಲಿ ಸಣ್ಣ ಉದ್ಯಮ ಅಂತ ದಾಖಲಾಗುವುದು) ಇರುವ ಸಣ್ಣ ಘಟಕಕ್ಕೆ 45 ದಿನದೊಳಗೆ ದುಡ್ಡು ಕೊಡಬೇಕು. ಬರವಣಿಗೆಯಲ್ಲಿ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ. ಒಪ್ಪಂದದಲ್ಲಿ 60 ಅಂತ ಬರೆಸಿಕೊಂಡರೂ ಅದು ನಡೆಯುವುದಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು, ಅದೂ ಚಕ್ರಬಡ್ಡಿ. ದೂರು ಕೊಡಲು ಸರ್ಕಾರದ ಪೋರ್ಟಲ್ ಇದೆ. ಆದರೆ ಇರುವ ಒಬ್ಬ ದೊಡ್ಡ ಗಿರಾಕಿಯ ಮೇಲೆ ದೂರು ಕೊಟ್ಟು, ಮಾರನೇ ದಿನ ಅವನಿಗೇ ಪುಡಿ ಮಾರಲು ಹೋಗುವುದು ಹೇಗೆ? ನಾನಂತೂ ಕೊಡಲಿಲ್ಲ.

ನನ್ನನ್ನು ಉಳಿಸಿದ್ದು ಇನ್ನೊಂದು ಕಾಯ್ದೆಯ ತಿದ್ದುಪಡಿ. 2023ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ಒಂದು ಸಾಲು ಸೇರಿಸಿದರು. ಸಣ್ಣ ತಯಾರಕರಿಗೆ, ಸೇವೆ ಕೊಡುವವರಿಗೆ ಆ 45 ದಿನದ ಗಡುವು ಮೀರಿ ಮಾರ್ಚ್ 31ಕ್ಕೂ ಬಾಕಿ ಉಳಿಸಿಕೊಂಡರೆ, ಕೊಳ್ಳುವ ಕಂಪನಿ ಆ ಮೊತ್ತವನ್ನು ಆ ವರ್ಷದ ಖರ್ಚು ಅಂತ ತೋರಿಸುವಂತಿಲ್ಲ. ಅಷ್ಟಕ್ಕೂ ತೆರಿಗೆ ಕಟ್ಟಬೇಕು. (ಕೊಂಡು ಮಾರುವ ವ್ಯಾಪಾರಿಗಳಿಗೆ ಈ ರಕ್ಷಣೆ ಇಲ್ಲ, ತಯಾರಿಸುವವರಿಗೆ ಇದೆ.) ಅದು ಮೊದಲ ಸಲ ಜಾರಿಯಾಗಿದ್ದು ಅದೇ 2024ರ ಮಾರ್ಚ್ ಕೊನೆಗೆ. ಆಡಿಟರ್ ಹೇಳಿಕೊಟ್ಟಂತೆ ನಾಲ್ಕು ಸಾಲಿನ ಮೇಲ್ ಕಳಿಸಿದೆ. ಸಿಟ್ಟಿಲ್ಲ, ಬೆದರಿಕೆಯಿಲ್ಲ. ನಮ್ಮ ಉದ್ಯಮ್ ನಂಬರ್, ಬಿಲ್ಲುಗಳ ಪಟ್ಟಿ, ಆ ಕಲಮಿನ ಉಲ್ಲೇಖ, ಅಷ್ಟೇ. ಮಾರ್ಚ್ 30ರ ಸಂಜೆ ಫೋನಿಗೆ ಮೆಸೇಜ್ ಬಂತು. ಡಿಸೆಂಬರ್, ಜನವರಿಯ ಎರಡೂ ತಿಂಗಳ ದುಡ್ಡು ಒಟ್ಟಿಗೆ. ಸಿಸ್ಟಮ್‌ನಲ್ಲಿ ಅಪ್ರೂವಲ್ ಸಿಕ್ಕಿತ್ತು ಅಂತ ಕಾಣುತ್ತದೆ.

ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಪೂರ್ತಿ ಉಚಿತ. ಅದಕ್ಕೆ ಸಾವಿರ, ಎರಡು ಸಾವಿರ ಕೇಳುವವರಿದ್ದಾರೆ, ಕೊಡಬೇಡಿ.

ಜಿಎಸ್‌ಟಿ ನೋಂದಣಿ ಬಗ್ಗೆಯೂ ಗೊಂದಲ ಇದೆ. ನಮ್ಮ ರಾಜ್ಯದಲ್ಲಿ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಕಡ್ಡಾಯ. ಇಲ್ಲಿ ನೋಡುವುದು ಲಾಭವನ್ನಲ್ಲ, ಒಟ್ಟು ವ್ಯಾಪಾರವನ್ನು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರಿಗೆಲ್ಲ ನೋಟಿಸ್ ಬಂದು, ಬೆಂಗಳೂರಿನಲ್ಲಿ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಬೋರ್ಡ್ ಬಿದ್ದಿದ್ದವಲ್ಲ, ಆ ಗಲಾಟೆಯ ಬೇರು ಇಲ್ಲೇ ಇದ್ದಿದ್ದು. ದಿನಕ್ಕೆ 12,000 ಸ್ಕ್ಯಾನ್ ಆದರೆ ವರ್ಷಕ್ಕೆ 43 ಲಕ್ಷ ದಾಟುತ್ತದೆ, ಕೈಯಲ್ಲಿ ಉಳಿಯುವುದು ಅದರಲ್ಲಿ ಎಷ್ಟೇ ಇರಲಿ. ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಮಾಲೂ ಆ ಮೊತ್ತದಲ್ಲೇ ಬೆರೆತಿರುತ್ತದೆ. ನಾವು 40 ಲಕ್ಷಕ್ಕಿಂತ ಕೆಳಗೇ ಇದ್ದೆವು. ಆದರೂ ನೋಂದಣಿ ಮಾಡಿಸಿದ್ದೆವು, ಯಾಕಂದರೆ ನಂಬರ್ ಇಲ್ಲದವರ ಮಾಲನ್ನು ದೊಡ್ಡ ಅಂಗಡಿಯವರು ಮುಟ್ಟುವುದಿಲ್ಲ.

ಅತ್ತಿಗೆಯ ನೋಟ್‌ಬುಕ್

ಏಪ್ರಿಲ್‌ನಲ್ಲಿ ಬಳೆ ಬಿಡಿಸಿಕೊಂಡು ಬಂದೆವು. ಅವತ್ತೇ ಅತ್ತಿಗೆ ಮಗನ ಹಳೆಯ ಶಾಲೆ ನೋಟ್‌ಬುಕ್ ತಂದು ಮೂರು ಗೆರೆ ಎಳೆದರು. ಬರೋದು, ಹೋಗೋದು, ಉಳಿಯೋದು. ಒಂದೊಂದು ಸಾಲು ಒಂದೊಂದು ವಾರ. ಮುಂದಿನ ಹನ್ನೆರಡು ವಾರಕ್ಕೆ ಮೊದಲೇ ಬರೆದಿಡುವುದು. ಎರಡೇ ನಿಯಮ. ಅಂಗಡಿಯವರು ಹೇಳಿದ ತಾರೀಖಿಗೆ ಹತ್ತು ದಿನ ಸೇರಿಸಿ "ಬರೋದು" ಬರೆಯಬೇಕು. ಜಿಎಸ್‌ಟಿ, ಕೂಲಿ, ಬಾಡಿಗೆ ಮಾತ್ರ ಹೇಳಿದ ತಾರೀಖಿಗೇ. ಮೂರನೇ ಕಾಲಂ ಎಲ್ಲಾದರೂ ಸೊನ್ನೆಗಿಂತ ಕೆಳಗೆ ಹೋದರೆ ಕೆಂಪು ಪೆನ್ನು.

ಇದನ್ನು ಮಾಡುವ ಸಾಫ್ಟ್‌ವೇರ್ ಇದೆ, ನಾನೂ ಹಾಕಿಸಿದ್ದೇನೆ. ಕೆಂಪು ಪೆನ್ನಿನಷ್ಟು ಭಯ ಅದರಿಂದ ಹುಟ್ಟುವುದಿಲ್ಲ.

ಇನ್ನೊಂದು ಬದಲಾವಣೆ: ಇಬ್ಬರೂ ತಿಂಗಳಿಗೆ 12,000 ಸಂಬಳ ಅಂತ ತಗೊಳ್ಳುತ್ತೇವೆ. ಮೊದಲೆಲ್ಲ ಮನೆಯ ಗ್ಯಾಸ್ ಸಿಲಿಂಡರ್, ಮಕ್ಕಳ ಫೀಸು ಎಲ್ಲ ಶೆಡ್ಡಿನ ಗಲ್ಲಾದಿಂದಲೇ ಹೋಗುತ್ತಿತ್ತು. ವ್ಯಾಪಾರದ ದುಡ್ಡು ಎಲ್ಲಿ ಮುಗಿಯಿತು, ಮನೆಯ ದುಡ್ಡು ಎಲ್ಲಿ ಶುರುವಾಯಿತು ಅಂತ ಗೊತ್ತಾಗುತ್ತಿರಲಿಲ್ಲ. ಮಂಡಿಯಲ್ಲೂ ಈಗ ಹದಿನೈದು ದಿನ ಉದ್ರಿ ಸಿಗುತ್ತದೆ. ಒಂದು ವರ್ಷ ಒಂದು ಸಲವೂ ತಪ್ಪದೆ ನಗದು ಕೊಟ್ಟಿದ್ದಕ್ಕೆ ಸಿಕ್ಕ ಬಹುಮಾನ ಅದು. ಅದರಿಂದಲೇ ಕುಳಿ ಎಷ್ಟೋ ತಗ್ಗಿದೆ.

2025ರ ಸೆಪ್ಟೆಂಬರಿನಲ್ಲಿ ಅದೇ ಸೂಪರ್ ಮಾರ್ಕೆಟ್ಟಿನಿಂದ ಫೋನ್ ಬಂತು. ದೀಪಾವಳಿ ಗಿಫ್ಟ್ ಬಾಕ್ಸಿಗೆ ಹೆಚ್ಚಿಗೆ 6,000 ಪ್ಯಾಕೆಟ್ ಬೇಕಂತೆ. ನಾನು ಸ್ಪೀಕರ್ ಹಾಕಿ ಅತ್ತಿಗೆಯ ಮುಖ ನೋಡಿದೆ. ಅವರು ಬಾಣಲೆಯ ಉರಿ ಸಣ್ಣ ಮಾಡಿ, ಕೈ ಒರೆಸಿಕೊಂಡು, ನೋಟ್‌ಬುಕ್ಕಿನ ಹಾಳೆ ತಿರುಗಿಸಿದರು. ಅಕ್ಟೋಬರಿನ ಎರಡು ಸಾಲಿನ ಮೇಲೆ ಬೆರಳಿಟ್ಟು, ಫೋನಿಗೆ ಕೇಳದ ಹಾಗೆ, "ಎರಡು ಸಾವಿರ ಅನ್ನಿ. ಮಿಕ್ಕಿದ್ದಕ್ಕೆ ಅರ್ಧ ದುಡ್ಡು ಮುಂಚೆ" ಅಂದರು.

ಹಾಗೇ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಅಡ್ವಾನ್ಸ್ ಎಲ್ಲ ನಮ್ಮಲ್ಲಿ ಇಲ್ಲ ಸಾರ್, ಕೇಳಿ ಹೇಳ್ತೀನಿ" ಅಂದು ಇಟ್ಟರು. ನಾಲ್ಕು ದಿನ ಬಿಟ್ಟು 2,000ಕ್ಕೆ ಮಾತ್ರ ಆರ್ಡರ್ ಬಂತು. ಉಳಿದ 4,000 ಬೇರೆ ಯಾರೋ ಕೊಟ್ಟಿರಬೇಕು.